ಮೂರನೇ ತಿರುವಿನ ಸೊಪ್ಪು

ಪಳಂಗಪ್ಪನವರಿಗೆ ಗಿಡ ಗೊತ್ತಿರುವುದು
ಬಸ್ಸಿನ ಕಿಟಕಿಯ ಎತ್ತರಕ್ಕೆ ಮಾತ್ರ.
ಮೂವತ್ತೊಂದು ವರ್ಷ ನಾಪೋಕ್ಲು–ಕಕ್ಕಬ್ಬೆ ದಾರಿಯಲ್ಲಿ
ಟಿಕೆಟ್ ಹರಿಯುತ್ತಾ ಬಾಗಿಲಿಗೆ ಭುಜ ಕೊಟ್ಟು ನಿಂತವರು.
ಬುಡ, ಬೇರು, ನೆಲಕ್ಕೆ ಕೆನ್ನೆಯಿಟ್ಟ ಹೂವು
ಇವೆಲ್ಲ ರಿಟೈರಾದ ಮೇಲಿನ ಪಾಠ,
ಭಾನುವಾರ, ನನ್ನ ಜೊತೆ,
ನನಗೆ ವಾರ್ಡಿನ ಡ್ಯೂಟಿ ಬೀಳದಿದ್ದರೆ.

ಹೆಸರು ತಿಳಿಯದ್ದಕ್ಕೆ ಸ್ಟಾಪಿನ ಹೆಸರು.
“ಇದು ಪಾಲದ ಹತ್ತಿರದ್ದು, ಸಿಸ್ಟರ್.
ಅದು, ಆ ಹಳದಿ, ಹಾಲಿನ ಕ್ಯಾನು ಇಳಿಸುವಲ್ಲಿ ಇತ್ತು,
ರಸ್ತೆ ಅಗಲ ಮಾಡುವಾಗ ಹೋಯಿತು.”
ಹೋದದ್ದು ಇಲ್ಲಿ, ಕಾಡಿನೊಳಗೆ, ಎದುರಾದಾಗ
ಹಳೇ ಪ್ಯಾಸೆಂಜರ್ ಕಂಡ ಹಾಗೆ ತಲೆ ಆಡಿಸುತ್ತಾರೆ.

ನಮ್ಮ ಪುಸ್ತಕ ಎಂದರೆ ಉಳಿದುಹೋದ ಟಿಕೆಟ್ ಕಟ್ಟು,
ಎರಡು ರೂಪಾಯಿಯ ಗುಲಾಬಿ ಹಾಳೆ.
ನಡುವೆ ಒಣಗುವ ಎಲೆ, ಹಾಳೆಯ ಬೆನ್ನಿಗೆ ನನ್ನ ಕೈಬರಹ,
ಕೇಸ್ ಶೀಟಿನ ಹಾಗೆ:
ಎಲೆಯ ಅಡಿಗೆ ರೋಮ. ಮುರಿದರೆ ಹಾಲು.
ಉಜ್ಜಿದರೆ ವಾಸನೆ, ಹಸಿ ಗೇರುಬೀಜ?
(ಪ್ರಶ್ನೆ ಅವರದು. ಅವರ ಮೂಗಿಗೆ ಅದು ಡೀಸೆಲ್.)

ಮೇ ತಿಂಗಳಲ್ಲಿ ಒಮ್ಮೆ ಅವರ ತೋಳಿಗೆ ಮುಳ್ಳು.
ಚಿಮಟ ತೆಗೆದು ಬಾಗಿದೆ.
ಮುಳ್ಳು ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿತು.
ಉಸಿರು ಬಿಗಿಹಿಡಿದು ಎಣಿಸಿದೆ: ಕಾಲು ಆರು.
ಬೆನ್ನಿಗೊಂದು ಕೊಂಬು. ಕಣ್ಣು, ಸಾಸಿವೆಯ ಕಾಲುಭಾಗ.
ಇನ್ನೊಂದು ಸಲ ಎಣಿಸುವಷ್ಟರಲ್ಲಿ ಟಕ್ಕೆಂದು
ಎಲ್ಲಿಯೂ ಇಲ್ಲ.
ಚಿಮಟದಲ್ಲಿ ಬರೀ ಗಾಳಿ ಹಿಡಿದು ನಿಂತಿದ್ದೆ.

ಅದೇ ದಿನ ಬಂಡೆಯ ಮೇಲೊಂದು ಕರಿ ಉಂಡೆ
ತನ್ನನ್ನೇ ಬಿಚ್ಚಿಕೊಂಡು ಹೊರಟಿತು.
“ಇದು ಕೀಟ ಅಲ್ಲ,” ಅಂದೆ. “ಕಾಲು ಜಾಸ್ತಿ.”
“ಹಾಗಾದರೆ ಲಗೇಜು.”

ಕಕ್ಕಡ ಹದಿನೆಂಟರ ಬೆಳಗ್ಗೆ
ಮದ್ದ್‌ ತೊಪ್ಪಿಗೆಂದು ಹೊರಟೆವು.
ಜಿಗಣೆಗಳು ನನ್ನ ಕಾಲ್ಚೀಲದ ನೇಯ್ಗೆ ಪರೀಕ್ಷಿಸುತ್ತಿದ್ದವು.
ಹದಿನೆಂಟು ಮದ್ದು ಒಂದೇ ಸೊಪ್ಪಿಗೆ ಇಳಿಯುವ ದಿನ,
ಊರಿಗೆ ಊರೇ ಬಲ್ಲ ಗಿಡ.
“ಎಂತ ಹುಡುಕುವುದು? ಮೂರನೇ ತಿರುವು.”
ಕೊಯ್ದೆವು. ನನ್ನ ಪಟ್ಟಿಯೂ ಒಪ್ಪಿತು:
ಎಲೆ ಎದುರುಬದುರು, ಗೆಣ್ಣು ಊದಿದೆ, ಅಂಚು ನಯ.

ಮುತ್ತವ್ವ ಒಲೆಗಿಟ್ಟರು.
ನೀರು ನೇರಳೆಯಾಗಬೇಕು.
ಹಸಿರು.
ಇನ್ನೆರಡು ಸೌದೆ ನೂಕಿದರು. ಹಸಿರು.
ನಾನು ಕೈ ಚಾಚುವ ಮೊದಲೇ ಪಳಂಗಪ್ಪನವರು
ಒಂದು ಚಮಚ ಕುಡಿದಾಗಿತ್ತು.
ರಾತ್ರಿಯಿಡೀ ಫೋನು ನನ್ನ ದಿಂಬಿನ ಪಕ್ಕ.
ಬೆಳಗ್ಗೆ ಅವರೇ: “ಎಂತ ಇಲ್ಲ, ಸಿಸ್ಟರ್.
ಮೂತ್ರ ಕೆಂಪೂ ಆಗಲಿಲ್ಲ.”
ಇಪ್ಪತ್ತು ವರ್ಷ ಈ ಮಾತು ಕೇಳಿ ನಿಟ್ಟುಸಿರು ಬಿಟ್ಟವಳು ನಾನು,
ಅವತ್ತು ಮೊದಲ ಸಲ ಬೇಜಾರಾಯಿತು.

ಮತ್ತೆ ಹೋದೆವು.
ಅವರು ರಸ್ತೆಯಂಚಿನಲ್ಲಿ, ನಾನು ಮೋರಿಯೊಳಗೆ.
ಅಲ್ಲಿತ್ತು.
ಕಿಟಕಿಗೆ ಎಂದೂ ಎಟುಕದಷ್ಟು ಕೆಳಗೆ, ನೀರಿನ ಮಗ್ಗುಲಿಗೆ,
ಗಾಲಿಗಳು ಎರಚಿದ ಕೆಸರನ್ನು ಮೂವತ್ತೊಂದು ಮಳೆಗಾಲ ಹೊತ್ತು.
ಒಂದೆಲೆ ಹಿಸುಕಿ ಮೇಲಕ್ಕೆ ಚಾಚಿದೆ.
ಮೂಸಿದರು. ಸುಮ್ಮನಾದರು.
“ಕಟ್ಟು ಕಟ್ಟಿ ಬಸ್ಸಿಗೆ ತರುತ್ತಿದ್ದರು.
ಅರ್ಧ ಟಿಕೆಟ್ ಹಾಕುತ್ತಿದ್ದೆ.
ಹತ್ತುವ ಜಾಗ ಗೊತ್ತಿತ್ತು,
ಹುಟ್ಟುವ ಜಾಗ ನೋಡಿರಲಿಲ್ಲ.”

ಮತ್ತೆ ಆ ಇನ್ನೊಂದು, ನೇರಳೆಯಾಗದ್ದು?
ಹೆಸರಿನ ಜಾಗ ಈಗಲೂ ಖಾಲಿ.
ಲೆನ್ಸಿನಡಿ ಅಂಚು ನಯವೇನಲ್ಲ, ಸಣ್ಣ ಸಣ್ಣ ಹಲ್ಲು.
ನಾನೇ ಬರೆದದ್ದನ್ನು ನಾನೇ ಹೊಡೆದುಹಾಕಿದೆ.
ಪಳಂಗಪ್ಪನವರು ಕೊಂಬೆ ಬಗ್ಗಿಸಿ
ಒಂದೆಲೆಯನ್ನು ಬೆಳಕಿಗೆ ಹಿಡಿದರು:
ನಟ್ಟನಡುವೆ ದುಂಡನೆಯ ತೂತು, ಯಾವುದೋ ಹುಳ ತಿಂದದ್ದು.
“ಪಂಚ್ ಆಗಿದೆ, ಸಿಸ್ಟರ್.
ನಮಗಿಂತ ಮೊದಲೇ ಯಾರೋ ಹತ್ತಿದ್ದಾರೆ.”

ಹನಿ ಶುರುವಾಯಿತು. ಕೊಡೆ ಬಿಚ್ಚಲಿಲ್ಲ.
ಎಲೆ ಎಲೆ ಮಗುಚುತ್ತಾ ಹೊರಟೆವು,
ಕೊನೆಯ ಸೀಟಿನ ತನಕ.