ಮೂವತ್ತೊಂದನೆಯ ದಿನ

ಸ್ಟೋರ್ನೋವೇ ಬಂದರಿಗೆ ಹಡಗು ಬಂದ ಮೇಲೆ
ಒಂದು ಗಂಟೆ ನಮ್ಮ ಅಂಗಡಿಗೆ ಉಸಿರಿರುತ್ತದೆ.
ಆಮೇಲೆ ಬರೀ ಗಾಳಿ, ಬಾಗಿಲಿಗೆ ಕಟ್ಟಿದ ಕಿರುಗಂಟೆ,
ವಾಪಸಾತಿ ಅಂತ ಬರೆದ ಹಲಗೆ,
ಹಲಗೆಯ ಕೆಳಗೆ ಒಂದು ಸ್ಟೂಲು, ಸ್ಟೂಲಿನ ಮೇಲೆ ನಾನು.

ಶೋನಗ್ ಮ್ಯಾಕಾಸ್ಕಿಲ್ ಬಂದದ್ದು ಅಂಥ ಹೊತ್ತಿನಲ್ಲಿ.
ಕಂಕುಳಲ್ಲಿ ಡಬ್ಬಿ, ಡಬ್ಬಿಯಲ್ಲಿ ಹಸಿರು ಗಮ್‌ಬೂಟು,
ಏಳನೆಯ ನಂಬರು, ಅಡಿಯಲ್ಲಿ ಮಣ್ಣಿನ ಸುಳಿವಿಲ್ಲ.
"ಪಾದಕ್ಕೆ ಸರಿಯಾಗಿದೆ," ಅಂದಳು.
"ಮೀನಖಂಡದ ಹತ್ತಿರ ಬಂದು ನಿಂತುಬಿಡುತ್ತೆ,
ಕುರಿ ಗೇಟಿನಲ್ಲಿ ನಿಂತ ಹಾಗೆ. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ."

ಹತ್ತೊಂಬತ್ತು ವರ್ಷ ಮೀನಿನ ಕಾರ್ಖಾನೆಯ ತಣ್ಣನೆ ನೆಲದ ಮೇಲೆ
ನಿಂತೇ ದುಡಿದ ಮೀನಖಂಡ.

ಕಲಿಸಿಕೊಟ್ಟ ಪ್ರಶ್ನೆಗಳನ್ನು ಕೇಳಿದೆ.
ಅಳತೆ ತೆಗೆದುಕೊಂಡಿದ್ದಿರಾ? ಪಟ್ಟಿ ನೋಡಿದ್ದಿರಾ?
ಈ ಪ್ರಶ್ನೆಗಳನ್ನು ಎಷ್ಟು ಮೆತ್ತಗೆ ಕೇಳಿದರೂ
ಎದುರಿನವರು ಕಟಕಟೆಯಲ್ಲಿ ನಿಂತ ಹಾಗೆ ಕಾಣುತ್ತಾರೆ.
ರಸೀದಿ ನೋಡಿ ದಿನ ಎಣಿಸಿದೆ.
ಇಪ್ಪತ್ತೆಂಟರೊಳಗೆ ತರಬೇಕು. ಇವತ್ತಿಗೆ ಮೂವತ್ತೊಂದು.

"ಗೊತ್ತು," ಅಂದಳು.
"ದಿನಾ ಬೆಳಿಗ್ಗೆ ಒಮ್ಮೆ ಎಳೆದು ನೋಡುತ್ತಿದ್ದೆ.
ಅದಾದರೂ ಹಿಗ್ಗಲಿ, ನಾನಾದರೂ ಕುಗ್ಗಲಿ ಅಂತ.
ಇಬ್ಬರೂ ಹಠಮಾರಿಗಳು."

ಆಮೇಲೆ, ನಾನು ಕೇಳದೆಯೇ:
"ಟೇಪನ್ನು ಬಿಗಿ ಹಿಡಿದಿದ್ದೆ.
ಚರ್ಮದ ಮೇಲೆ ಗೆರೆ ಬರುವಷ್ಟು.
ಸಾಲದು ಅಂತ, ಬಂದದ್ದರಲ್ಲಿ ಒಂದು ಸೆಂಟಿಮೀಟರು ಕಳೆದು ಬರೆದೆ.
ಯಾರನ್ನು ನಂಬಿಸೋಕೆ ಅಂತ ಕೇಳಬೇಡ ಮಗಳೇ,
ಮನೆಯಲ್ಲಿರೋದು ನಾನು, ಒಂದು ನಾಯಿ."

ಒಳಕೋಣೆಯಿಂದ ಮ್ಯಾನೇಜರು ರೂರಿ ಇಣುಕಿದ.
ಬಾಯಿ ತುಂಬ ಬ್ರೆಡ್ಡು. ಏನೂ ಹೇಳಲಿಲ್ಲ.
ಹುಬ್ಬೇ ಹೇಳಿತು:
ಕುಣಿಯಲಾರದವಳು ನೆಲ ಡೊಂಕೆಂದಳು.

ಆದರೆ ಅವಳು ನೆಲವನ್ನು ಅಂದೇ ಇರಲಿಲ್ಲ.
ಅದಕ್ಕೇ ಇರಬೇಕು, ನನಗೆ ನೆಲದ ಮೇಲೆ
ರಸಮಟ್ಟ ಇಟ್ಟು ನೋಡಬೇಕೆನಿಸಿದ್ದು.

ಟೇಪು ತೆಗೆದು ಬೂಟಿನ ಬಾಯಿಗೆ ಸುತ್ತಿದೆ.
ಡಬ್ಬಿಯ ಮೇಲೆ ನಲವತ್ತನಾಲ್ಕು.
ಬೂಟಿನಲ್ಲಿ ನಲವತ್ತೊಂದೂವರೆ.
ಇನ್ನೊಂದು ಸಲ ಸುತ್ತಿದೆ. ಅಷ್ಟೇ.

"ಕೂತುಕೊಳ್ಳಿ," ಅಂದೆ, ಮೊಣಕಾಲೂರಿ ಬಗ್ಗಿದೆ.
ಅವಳ ಕಾಲಿಗೆ ಸಡಿಲವಾಗಿ ಟೇಪು ಸುತ್ತಿದೆ,
ಮಗುವಿನ ಕುತ್ತಿಗೆಗೆ ಮಫ್ಲರ್ ಸುತ್ತುವ ಹಾಗೆ.
ಅವಳು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು.
ನಲವತ್ತೈದು.
ಬಾಯಿಬಿಟ್ಟು ಹೇಳಲಿಲ್ಲ, ತೋರಿಸಿದೆ.

ಅವಳು ಬಚ್ಚಿಟ್ಟದ್ದು ಎರಡು. ಅವರು ಬಚ್ಚಿಟ್ಟದ್ದು ಎರಡೂವರೆ.
ಒಂದು ಮೇಲಿನಿಂದ, ಇನ್ನೊಂದು ಕೆಳಗಿನಿಂದ ಬಂದು
ದಾರಿಯಲ್ಲಿ ಡಿಕ್ಕಿ ಹೊಡೆದುಕೊಂಡಿವೆ.
ಗಾಯ ಮಾತ್ರ ಒಂದೇ ಕಡೆ, ಕೆಂಪಗೆ, ಬಳೆಯ ಹಾಗೆ.

ನಾನಿನ್ನೂ ಬಗ್ಗಿಯೇ ಇದ್ದೆ.
ನನ್ನ ಬೆನ್ನಿನ ಮೇಲೆ ಅವಳ ಬೆರಳು.
"ಇದೇನು, ಬಟ್ಟೆ ಒಣಹಾಕುವ ಕ್ಲಿಪ್ಪು?"

ಕಂಪನಿಯ ಅಂಗಿ. ಎಲ್ಲರಿಗೂ ಒಂದೇ ಅಳತೆ.
ಎದುರಿನಿಂದ ನೋಡಿದರೆ ನನಗೇ ಹೊಲಿದಂತಿದೆ.
ಹಿಂದೆ ನಾಲ್ಕು ಕ್ಲಿಪ್ಪು.
"ವಾಪಸು ಕೊಡಲಿಲ್ಲವಾ?"
"ಯಾರಿಗೆ?" ಅಂದೆ.
ಹಲಗೆಯ ಕೆಳಗೆ ಕೂರುವವಳು ನಾನೇ ತಾನೆ.
ಅವಳು ನಕ್ಕದ್ದಕ್ಕೆ ಕುರ್ಚಿ ಕಿರುಗುಟ್ಟಿತು,
ಥಟ್ಟನೆ ನಗು ನಿಲ್ಲಿಸಿ ಕುರ್ಚಿಯ ಕಾಲು ನೋಡಿದಳು.
ಅಷ್ಟು ವರ್ಷದ ಅಭ್ಯಾಸ.

ಫಾರಂ ತುಂಬಿದೆ. ಕಾರಣ: ಸರಕಿನ ದೋಷ,
ಇಲ್ಲವೇ ಗ್ರಾಹಕರ ತಪ್ಪು. ಒಂದನ್ನೇ ಗುರುತು ಮಾಡಿ.
ಎರಡರ ನಡುವಿನ ಬಿಳಿ ಜಾಗದಲ್ಲಿ ಗುರುತು ಹಾಕಿದೆ,
ಯಾವ ಕಡೆಗೆ ಬೇಕಾದರೂ ಓದಿಕೊಳ್ಳಲಿ.

ಹಳೆಯ ಬೂಟು ಹಾಕಿಕೊಂಡು ಹೊರಟಳು.
ಹಿಂಬದಿಯಲ್ಲಿ ಚೂರಿಯಿಂದ ಸೀಳಿದ ಒಂದು ಗೇಣು ಸೀಳು,
ಅದರೊಳಗೆ ಉಣ್ಣೆಯ ಕಾಲುಚೀಲ ಉಸಿರಾಡುತ್ತಿತ್ತು.
ಹಡಗು ಕೂಗಿತು. ರೂರಿ ಕೈ ತೊಳೆಯಲು ಹೋದ.

ತಾರೀಕಿನ ಜಾಗ ಇನ್ನೂ ಖಾಲಿ ಇತ್ತು.
ಬಿಗಿ ಹಿಡಿದು,
ಮೂರು ದಿನ ಕಳೆದು ಬರೆದೆ.