ಯಾರದೂ ಅಲ್ಲದ ಎರಡು

ಟೊಲೀಡೊ, ನಲವತ್ತೊಂಬತ್ತರ ಫೆಬ್ರವರಿ.
ಅಪ್ಪನ ಪೆನ್ಸಿಲ್ ಬರಹ. ಹಾಳೆಯ ಮೂಲೆಗೆ
ಕಾಫಿ ಲೋಟ ತೊಡಿಸಿದ ಬಳೆ.

ಹ್ಯಾಸ್ಕೆಲ್ ಹದಿನೇಳು. ಬೌಮನ್ ಹದಿನಾಲ್ಕು.
ವೆಂಟ್ಜ್ ಹನ್ನೊಂದು, ಅದರಲ್ಲಿ ಏಳು ಫ್ರೀ ಥ್ರೋ;
ಮೈಮೇಲೆ ಬೀಳುವವರಿಂದಲೇ ಬದುಕಿದವನು.
ಫೋರ್ಟಿಯರ್ ಒಂಬತ್ತು. ಕುಳ್ಳ ಓರ್ಲಿಕ್ ಎಂಟು.
ಕೊನೆಗೆ ಕ್ರೂಪಾ: ಬುಟ್ಟಿ ಸೊನ್ನೆ, ಅಂಕ ಸೊನ್ನೆ, ಫೌಲು ನಾಲ್ಕು.
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಕೆಳಗೆ ಗೆರೆ ಎಳೆದು ಅಪ್ಪ ಬರೆದದ್ದು ಅರವತ್ತೊಂದು.
ಯುಟಿಕಾದವರದು ಅರವತ್ತು.
ಕೂಡಿದೆ. ಬೆರಳು ಮಡಚಿ ಮತ್ತೆ ಕೂಡಿದೆ.
ಐವತ್ತೊಂಬತ್ತೇ.

ಗಾಜಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ
ಒಂದು ಸೀಸೆ ತಪ್ಪದಂತೆ ಎಣಿಸಿದ ಮನುಷ್ಯ,
ನನ್ನ ಮದುವೆಯ ದಿನವೂ
ಕುರ್ಚಿ ಎಣಿಸುತ್ತ ನಿಂತಿದ್ದವನು.

ಇನ್ನೂ ಬದುಕಿದ್ದ ಮೂವರಿಗೆ ಫೋನ್ ಮಾಡಿದೆ.
'ನನ್ನದೇ, ಎಡಗೈಯಲ್ಲಿ ಹಾಕಿದ್ದು' ಅಂದ ಹ್ಯಾಸ್ಕೆಲ್.
'ಅವನಾಗ ಬೆಂಚಿನ ಮೇಲಿದ್ದ. ನನ್ನದು' ಅಂದ ಬೌಮನ್.
ಕ್ರೂಪಾ ತುಂಬ ಹೊತ್ತು ಕೆಮ್ಮಿದ.

'ಬುಟ್ಟಿಯಡಿ ಎಂಟೋ ಹತ್ತೋ ಕೈ, ತಾಯಿ.
ನಾನು ನೆಲದಲ್ಲಿ, ಎದೆಯ ಮೇಲೆ ಯಾರದೋ ಮೊಣಕಾಲು,
ದೀಪ ಬಿಟ್ಟು ಬೇರೇನೂ ಕಾಣಲಿಲ್ಲ.
ಆಮೇಲೆ ನಿಮ್ಮಪ್ಪ ಒಳಗೆ ಬಂದು ಕೇಳಿದರು, ಯಾರದು ಅಂತ.
ಆ ರಾತ್ರಿ ಒಬ್ಬನೂ ಬಾಯಿ ಬಿಡಲಿಲ್ಲ.
ಗೆದ್ದಿದ್ದೆವು. ಹೊಟ್ಟೆ ಹಸಿದಿತ್ತು.'

ಫೋನ್ ಇಟ್ಟು ಹಾಳೆಯನ್ನು ಕಿಟಕಿಗೆ ಹಿಡಿದೆ.
ಕ್ರೂಪಾನ ಸೊನ್ನೆಯ ಹತ್ತಿರ ಮಾತ್ರ
ಕಾಗದ ಸವೆದಿದೆ,
ರಬ್ಬರಿನಿಂದ ಉಜ್ಜಿ ಉಜ್ಜಿ,
ಬೆಳಕು ಆಚೆಯಿಂದ ಈಚೆಗೆ ಬರುವಷ್ಟು.

ಅದನ್ನು ಅವನಿಗೆ ಹೇಳಬೇಕೆಂದು
ಮತ್ತೆ ಡಯಲ್ ಮಾಡಿದೆ.
ಊಟಕ್ಕೆ ಹೋಗಿದ್ದಾರೆ ಎಂದಳು ನರ್ಸು.