ರೆಂಡಿಟ್ಟ

ಶಿಡ್ಲಘಟ್ಟದಿಂದ ಹೊರಟು
ಚಿಂತಾಮಣಿಯಲ್ಲಿ ಇಳಿದು ಕೋಲಾರದ ಬಸ್ಸು ಹತ್ತಿದೆ.
ಗಡಿಬಿಡಿಯಲ್ಲಿ ಹಳೇ ಟಿಕೇಟನ್ನೇ ಚಾಚಿದರೆ
ಕಂಡಕ್ಟರು ನಕ್ಕ: "ಅದು ಆ ಬಸ್ಸಿಂದಮ್ಮ."
ಆಗಲೇ ತಿಳಿಯಬೇಕಿತ್ತು.

ವಿಶ್ವವಿದ್ಯಾಲಯದ ಮೂರನೇ ಕಿಟಕಿಯಲ್ಲಿ ಮುನಿನಂಜಪ್ಪನವರು.
ಸಮುದಾಯ ಕಾಲೇಜಿನ ನನ್ನ ಎರಡು ವರ್ಷವನ್ನು
ಸ್ಕೇಲಿಟ್ಟು ಓದಿದರು, ಒಂದೊಂದೇ ಸಾಲು.
ಸಂಜೆ ಆರರಿಂದ ಒಂಬತ್ತು,
ಬೇಸಿನ್ನಿನ ಬಿಸಿನೀರಿಗೆ ಬೆಂದ ಬೆರಳಲ್ಲೇ ಪೆನ್ನು ಹಿಡಿದು
ಗಳಿಸಿದ್ದು ಎಂಬತ್ತು ಕ್ರೆಡಿಟ್ಟು.

ಕನ್ನಡ, ಸರಿ. ಲೆಕ್ಕಶಾಸ್ತ್ರ, ಸರಿ.
ಪರಿಸರ ಅಧ್ಯಯನ ನಿಮ್ಮಲ್ಲಿ ಮೂರು, ನಮ್ಮಲ್ಲಿ ಎರಡು,
ಎರಡೇ ಬರ್ಕೊಂತೀನಿ.
ಗೂಡಿನ ಮಾರುಕಟ್ಟೆಯಲ್ಲಿ ಆರು ವಾರ ತರಬೇತಿ?
ಇದಕ್ಕೆ ನಮ್ಮ ಸಿಲಬಸ್ಸಿನಲ್ಲಿ ಹೆಸರೇ ಇಲ್ಲ.
ಪ್ರಾಯೋಗಿಕ ನೂಲು ಬಿಚ್ಚಾಣಿಕೆ, ಒಂದು ಮತ್ತು ಎರಡು?
ಸ್ಕೇಲು ಅಲ್ಲೇ ನಿಂತಿತು.
"ಇದನ್ನ ಇಲ್ಲಿ ಮತ್ತೆ ಮಾಡ್ಬೇಕಾಗ್ತದೆ, ಶಗುಫ್ತಾ ಬಾನು."

ಮತ್ತೆ.
ಎಂಟನೇ ವಯಸ್ಸಿಗೆ ಸ್ಟೂಲಿನ ಮೇಲೆ ನಿಂತು
ಬೆಂದ ಗೂಡಿನ ಎಳೆ ಹುಡುಕಿದ ಕೈ ಇದು ಸಾರ್,
ಅನ್ನಲಿಲ್ಲ.
ಬಾಯಿಗೆ ಬಂದದ್ದು: "ಫೀಸು?"
ಅವರು ಕನ್ನಡಕ ತೆಗೆದು ಒರೆಸಿಕೊಂಡರು.
"ಅದೂ ಮತ್ತೆ."

ಐವತ್ತಾರು ದಾಟಿದವು. ಇಪ್ಪತ್ತನಾಲ್ಕು
ಕೆಂಪು ಗೆರೆಯಡಿ ಉಳಿದವು.

ರಾತ್ರಿ ಅಮ್ಮಿ ಜೂಟು ಬಿಡಿಸುತ್ತಾ ಕೇಳಿದಳು,
ಲಾಟಿಗೆ ಕೇಳುವ ಹಾಗೆಯೇ: "ರೆಂಡಿಟ್ಟ ಎಷ್ಟು ಬಂತು?"
ಎಂಬತ್ತು ಹಾಕಿದ್ದಕ್ಕೆ ಐವತ್ತಾರು ಅಂದೆ, ಗೋಡೆ ನೋಡುತ್ತ.
ಅವಳ ಕೈ ನಿಂತಿತು.
"ಎಂಬತ್ತು ಕೆಜಿ ಗೂಡು ಬೇಯಿಸಿ
ಹನ್ನೊಂದು ಕೆಜಿ ನೂಲು ಬಿದ್ದ ದಿನ
ನಿಮ್ಮ ಅಬ್ಬಾ ಬೇಕರಿಯಿಂದ ದಿಲ್‌ಪಸಂದ್ ತರ್ತಿದ್ರು.
ಐವತ್ತಾರಾ!
ಯಾವ ತೋಟದ ಸೊಪ್ಪು ತಿಂದಿದ್ದೀಯೇ ನೀನು?"

ಆಗ ನಗು ಬರಲಿಲ್ಲ.
ನಾಲ್ಕು ದಿನ ಬಿಟ್ಟು ಬಂತು, ಫೀಸು ಕಟ್ಟುವ ಸಾಲಿನಲ್ಲಿ,
ಹಿಂದಿದ್ದವರು ಹೆದರುವಷ್ಟು.

ಮತ್ತೆ ಮಾಡುವ ಪಾಠದ ಮೊದಲ ದಿನ
ಇಪ್ಪತ್ತರ ಮಕ್ಕಳ ನಡುವೆ ಮೂವತ್ತೊಂದರ ನಾನು
ಕಣ್ಣು ಮುಚ್ಚಿ ಎಳೆ ಹಿಡಿದೆ. ಜಂಬ ಇತ್ತು, ಸುಳ್ಳೇಕೆ.
ಮೇಡಂ ಏನೂ ಅನ್ನದೆ ನನ್ನ ಲಡಿಯಿಂದ ತುಂಡು ತೆಗೆದು
ಪುಟ್ಟ ತಕ್ಕಡಿಗೆ ಹಾಕಿದರು.
ಇಪ್ಪತ್ತು ಡೀನಿಯರ್ ಇರಬೇಕಾದ ನೂಲು
ಒಂದು ಕಡೆ ಹದಿನಾರು, ಒಂದು ಕಡೆ ಇಪ್ಪತ್ತೇಳು.
ಇಪ್ಪತ್ತಮೂರು ವರ್ಷದಲ್ಲಿ ಯಾರೂ ಹೀಗೆ ತೂಗಿ ತೋರಿಸಿರಲಿಲ್ಲ.
ಕೊಳ್ಳುವವನು ದರ ಕಡಿದಾಗಲೆಲ್ಲ
ನಾವು ಅವನ ತಾಯಿ ತಂದೆಯನ್ನು ಬೈದಿದ್ದೆವು.

ಹಾಗಂತ ಮುನಿನಂಜಪ್ಪನವರು ಸರಿ ಎಂದಲ್ಲ.
ಮಾರುಕಟ್ಟೆಯ ಆ ಆರು ವಾರ,
ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿ
ಒಳಗಿನ ಹುಳು ಕರಗಿದೆಯೋ ಗಟ್ಟಿಯಿದೆಯೋ ಹೇಳುವುದು,
ಅದಕ್ಕೆ ಈಗಲೂ ಹೆಸರಿಲ್ಲ.

ಮೊನ್ನೆ ಎಲ್ಲರೂ ಹೋದ ಮೇಲೆ ಮೇಡಂ ಮೆಲ್ಲಗೆ ಕೇಳಿದರು:
"ಅದು ಹೇಗೆ ಗೊತ್ತಾಗುತ್ತೆ ನಿನಗೆ?"
ಕೈಗೊಂದು ಗೂಡು ಕೊಟ್ಟೆ.
ಕಿವಿಗಿಟ್ಟು ಅಲುಗಿಸಿದರು. "ಏನೂ ಕೇಳಿಸ್ತಿಲ್ಲವಲ್ಲ."
ಎದ್ದು ಹೋಗಿ
ಫ್ಯಾನು ಆರಿಸಿದೆ.